ಮನೆಯೋ ಬಲೆಯೋ: ಬೇಟೆ ನುಸಿಯ ಕಾಲಡಿಯ ಎಲೆ

ಟೊಮೆಟೊ ತೋಟದಲ್ಲಿ ದಿನವಿಡೀ ಗಿಡ ಕಟ್ಟಿ, ಕುಡಿ ಚಿವುಟಿ ಬಂದವರ ಕೈ ನೋಡಿದ್ದೀರಾ? ಬೆರಳೆಲ್ಲ ಮೊದಲು ಹಸಿರು ಹಳದಿ, ಆಮೇಲೆ ಕಪ್ಪು. ಸೋಪು ಹಾಕಿ ಉಜ್ಜಿದರೂ ಒಂದೇ ಸಲಕ್ಕೆ ಹೋಗುವುದಿಲ್ಲ. ಮೂಸಿದರೆ ಟೊಮೆಟೊ ಗಿಡದ ಅದೇ ಗಾಢ ವಾಸನೆ. ಈ ಬಣ್ಣ, ಅಂಟು, ವಾಸನೆ ಎಲ್ಲ ಬರುವುದು ಗಿಡದ ಮೈಮೇಲಿನ ರೋಮಗಳಿಂದ. ಕೆಲವು ರೋಮಗಳ ತುದಿಯಲ್ಲಿ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗುಂಡು ಇರುತ್ತದೆ. ಅದರ ತುಂಬ ಅಂಟುರಸ. ತಾಗಿದರೆ ಸಾಕು, ಒಡೆಯುತ್ತದೆ.

ನಮಗೆ ಇದು ಕೈ ತೊಳೆಯುವ ರಗಳೆ, ಅಷ್ಟೇ. ಆದರೆ ಅರ್ಧ ಮಿಲಿಮೀಟರ್ ಉದ್ದದ ಜೀವಿಯೊಂದು ಅದೇ ಕಾಂಡದ ಮೇಲೆ ನಡೆದು ಹೋಗಬೇಕು ಅಂದುಕೊಳ್ಳಿ. ಟೊಮೆಟೊ ಕಾಂಡದ ಉದ್ದ ರೋಮಗಳು 2 ಮಿಲಿಮೀಟರ್ ತನಕ ಬೆಳೆಯುತ್ತವೆ. 5 ಅಡಿ ಎತ್ತರದ ಮನುಷ್ಯನ ಲೆಕ್ಕಕ್ಕೆ ತಂದರೆ, ಅದು 20 ಅಡಿ ಕಂಬಗಳ ಕಾಡು. ಕಂಬಗಳ ನಡುವೆ ಅಲ್ಲಲ್ಲಿ ಅಂಟು ತುಂಬಿದ ಮಡಕೆಗಳು. ಕಾಲು ತಗುಲಿದ ಕೂಡಲೇ ಮಡಕೆ ಒಡೆದು ಅಂಟು ಮೈಗೆಲ್ಲ ಮೆತ್ತುತ್ತದೆ. ಆ ಕಾಡಿನೊಳಗೆ ಕಳಿಸುತ್ತಿರುವುದು, ಬೆಳೆಯ ರಸ ಹೀರುವ ನುಸಿಗಳನ್ನು ತಿನ್ನಲೆಂದು ನಾವೇ ದುಡ್ಡು ಕೊಟ್ಟು ತಂದ ಬೇಟೆ ನುಸಿಯನ್ನು.

ಬೇಟೆ ನುಸಿ ಕೆಲಸ ಮಾಡಲಿಲ್ಲ ಎಂಬ ಮಾತು ಬಂದಾಗಲೆಲ್ಲ ನಾವು ಬಿಸಿಲು, ಔಷಧಿ, ತಂದ ಮಾಲಿನ ಗುಣಮಟ್ಟ ಇವುಗಳ ಬಗ್ಗೆಯೇ ಮಾತಾಡುತ್ತೇವೆ. ಎಲೆಯನ್ನು ತಿರುಗಿಸಿ ನೋಡುವವರು ಕಡಿಮೆ. ಬೇಟೆ ನುಸಿಗೆ ಎಲೆಯೇ ನೆಲ, ಎಲೆಯೇ ಸೂರು, ಎಲೆಯೇ ಬಾಣಂತಿ ಕೋಣೆ. ಅದು ಹೇಗಿದೆ ಎನ್ನುವುದರ ಮೇಲೆ ನುಸಿ ಉಳಿಯುತ್ತದೋ ಸಾಯುತ್ತದೋ ನಿಂತಿದೆ.

ಯಾರು ಈ ಬೇಟೆ ನುಸಿ

ನಮ್ಮಲ್ಲಿ ನುಸಿ ಎನ್ನುವ ಪದ ಬಹಳ ಜೀವಿಗಳಿಗೆ ಅನ್ವಯಿಸುತ್ತದೆ. ಮೆಣಸಿನಕಾಯಿ ಬೆಳೆಯುವವರು ಥ್ರಿಪ್ಸ್ ನುಸಿ, ಮೈಟ್ ನುಸಿ ಎಂದು ಬೇರೆ ಮಾಡಿ ಹೇಳುತ್ತಾರೆ. ಥ್ರಿಪ್ಸ್ ಕೀಟ, ಆರು ಕಾಲು. ಮೈಟ್ ಜೇಡದ ಬಳಗದ್ದು, ಸಾಮಾನ್ಯವಾಗಿ ಎಂಟು ಕಾಲು. ಈ ಲೇಖನದಲ್ಲಿ ನುಸಿ ಅಂದರೆ ಮೈಟ್.

ಗುಲಾಬಿ, ಬೆಂಡೆ, ಬದನೆ, ಟೊಮೆಟೊ ಎಲೆಯ ಅಡಿಯಲ್ಲಿ ರಸ ಹೀರುವ, ಸಣ್ಣ ಬಲೆ ನೇಯುವ ಜೇಡನುಸಿ ಎಲ್ಲರಿಗೂ ಗೊತ್ತು. ಎಲೆಯ ಮೇಲ್ಭಾಗದಲ್ಲಿ ಬಿಳಿ ಬಿಳಿ ಚುಕ್ಕೆ ಬಿದ್ದು, ಆಮೇಲೆ ಎಲೆಯೇ ಕಂಚಿನ ಬಣ್ಣಕ್ಕೆ ತಿರುಗುವುದು ಇದರ ಕೆಲಸ. ಇದನ್ನು ತಿನ್ನುವ ನುಸಿಗಳೂ ಇವೆ. ಇವೇ ಪರಭಕ್ಷಕ ನುಸಿಗಳು. ಹೆಚ್ಚಿನವು ಫೈಟೊಸಿಡೆ ಎಂಬ ಕುಟುಂಬಕ್ಕೆ ಸೇರಿವೆ. ಪೇರುಹಣ್ಣಿನ ಆಕಾರದ ಹೊಳೆಯುವ ಮೈ, ಚುರುಕು ನಡಿಗೆ. ಜಗತ್ತಿನಲ್ಲಿ ತುಂಬ ಹೆಸರು ಮಾಡಿದ್ದು ಫೈಟೊಸಿಯುಲಸ್ ಪರ್ಸಿಮಿಲಿಸ್. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಅದು ಯುರೋಪಿಗೆ ತಲುಪಿತು. ಅಲ್ಲಿಂದ ಗಾಜಿನ ಮನೆಗಳ ಬೇಸಾಯದಲ್ಲಿ ನೆಲೆಯೂರಿತು. ನಮ್ಮ ಹೊಲಗಳಲ್ಲಿ ಯಾರೂ ತಂದು ಬಿಡದೆ ತಾನೇ ಸಿಗುವ ನುಸಿ ನಿಯೊಸಿಯುಲಸ್ ಲಾಂಜಿಸ್ಪೈನೋಸಸ್.

ಇವುಗಳ ಬಗ್ಗೆ ಒಂದು ಸಂಗತಿ ನೆನಪಿಡಬೇಕು. ಇವಕ್ಕೆ ಕಣ್ಣಿಲ್ಲ. ಜೇಡನುಸಿ ತಿಂದ ಗಿಡ ಬೇರೆಯೇ ವಾಸನೆ ಬಿಡುತ್ತದೆ, ಆ ಜಾಡು ಹಿಡಿದು ಬೇಟೆ ನುಸಿ ಗಿಡದ ತನಕ ಬರುತ್ತದೆ. ಆದರೆ ಎಲೆ ಹತ್ತಿದ ಮೇಲೆ ಮುಂದಿನ ಕಾಲುಗಳನ್ನು ಆಡಿಸುತ್ತ, ತಡಕಾಡುತ್ತ ನಡೆಯುವುದೇ ಅದರ ಬೇಟೆ. ಕತ್ತಲಲ್ಲಿ ಗೋಡೆ ಸವರಿಕೊಂಡು ಹೋಗುವವರಿಗೆ ನೆಲ ಹೇಗಿದೆ ಎನ್ನುವುದು ಎಷ್ಟು ಮುಖ್ಯ ಅಲ್ವಾ? ಇದಕ್ಕೂ ಹಾಗೆಯೇ.

ರೋಮ ದಾರಿ ತಡೆಯುವಾಗ

ಮೊದಲು ಬರೀ ರೋಮದ ಕಥೆ. ಅಂಟಿನ ವಿಚಾರ ಆಮೇಲೆ.

ಜರ್ಬೆರಾ ಹೂವಿನ ಗಿಡದ ಎಲೆ ಮುಟ್ಟಿದ್ದರೆ ಅದರ ನವಿರು ಗೊತ್ತಿರುತ್ತದೆ. ಒಂದು ತಳಿಯಲ್ಲಿ ಕಡಿಮೆ, ಇನ್ನೊಂದರಲ್ಲಿ ದಟ್ಟ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನಲ್ಲಿ ಸಂಶೋಧಕರು ಬೇರೆ ಬೇರೆ ತಳಿಗಳ ಮೇಲೆ ಪರ್ಸಿಮಿಲಿಸ್ ನುಸಿಯನ್ನು ಬಿಟ್ಟು ನಡಿಗೆಯ ವೇಗ ಅಳೆದರು. ರೋಮ ಜಾಸ್ತಿಯಾದಷ್ಟೂ ನಡಿಗೆ ನಿಧಾನ. ನಡಿಗೆ ನಿಧಾನವಾದರೆ ದಿನಕ್ಕೆ ಸಿಗುವ ಬೇಟೆಯೂ ಕಡಿಮೆ.

ಆದರೆ ಇದು ಎಲೆಯ ಮೇಲೆ ಜೇಡನುಸಿ ವಿರಳವಾಗಿದ್ದಾಗಿನ ಮಾತು. ಜೇಡನುಸಿ ತುಂಬಿಕೊಂಡಾಗ ರೋಮದ ಅಡ್ಡಿ ಲೆಕ್ಕಕ್ಕೆ ಬರಲಿಲ್ಲ. ಮೂರು ಹೆಜ್ಜೆಗೆ ಒಂದು ಬೇಟೆ ಸಿಗುವಲ್ಲಿ ಓಡುವ ಅಗತ್ಯವೇ ಇಲ್ಲವಲ್ಲ. ಇದನ್ನು ರೈತರ ಕಡೆಯಿಂದ ನೋಡಿ. ಬೇಟೆ ನುಸಿಯನ್ನು ಬಿಡಬೇಕಾದದ್ದು ಜೇಡನುಸಿ ಇನ್ನೂ ಅಲ್ಲೊಂದು ಇಲ್ಲೊಂದು ಇರುವಾಗ. ಅದೇ ಹೊತ್ತಿನಲ್ಲಿ ರೋಮದ ಎಲೆ ಅದರ ಕಾಲಿಗೆ ತೊಡಕಾಗುತ್ತದೆ. ಅಂಥ ತಳಿಯಲ್ಲಿ ನುಸಿಗಳನ್ನು ಒಂದೇ ಕಡೆ ಸುರಿಯುವುದಕ್ಕಿಂತ ಹೆಚ್ಚು ಕಡೆ ಹಂಚಿ ಬಿಡುವುದು ಮೇಲು. ನಡೆಯಬೇಕಾದ ದೂರ ಕಡಿಮೆಯಾಗುತ್ತದೆ.

ಹಾಗಾದರೆ ಎಲೆ ಪೂರಾ ನುಣುಪಾಗಿದ್ದರೆ ಒಳ್ಳೆಯದೇ? ಇದಕ್ಕೆ ಉತ್ತರ ನುಸಿಗಿಂತ ಬಿಳಿ ನೊಣದ ಮರಿಗಳ ಮೈಯೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯಾ ಎಂಬ ಪುಟಾಣಿ ಕಣಜದಿಂದ ಚೆನ್ನಾಗಿ ಸಿಕ್ಕಿದೆ. ಸೌತೆ ಎಲೆಯ ಒರಟು ರೋಮಗಳ ನಡುವೆ ಈ ಕಣಜ ಹೆಜ್ಜೆ ಹೆಜ್ಜೆಗೂ ತಡೆದು ನಿಲ್ಲುತ್ತಿತ್ತು. ರೋಮವೇ ಇಲ್ಲದ ಸೌತೆಯ ಮೇಲೆ ಬಿಟ್ಟರೆ ಎಷ್ಟು ಜೋರಾಗಿ ಓಡಿತೆಂದರೆ, ಬಿಳಿ ನೊಣದ ಮರಿಗಳನ್ನು ದಾಟಿಯೇ ಹೋಗಿಬಿಡುತ್ತಿತ್ತು. ಆಗ ಡಚ್ ಸಂಶೋಧಕರು ಎರಡನ್ನೂ ಸೇರಿಸಿ, ಅರ್ಧ ರೋಮದ ಸೌತೆ ತಳಿಗಳನ್ನು ಪರೀಕ್ಷಿಸಿದರು. ಮಿತ್ರ ಕೀಟದ ಕಾಲಿಗೆ ಹೊಂದುವಂತೆ ಬೆಳೆಯ ಎಲೆಯನ್ನೇ ಬದಲಿಸುವ ಯೋಚನೆ ಅದು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಯೋಚನೆಗಳಲ್ಲಿ ಇದೊಂದು.

ಇನ್ನು ಜೇಡನುಸಿ ನೇಯುವ ಬಲೆ. ಅದೂ ಎಲೆಯ ಮೇಲ್ಮೈಯ ಒಂದು ಭಾಗವೇ ಆಗಿಬಿಡುತ್ತದೆ. ಬಹಳ ಬೇಟೆ ನುಸಿಗಳು ಅದರಲ್ಲಿ ಸಿಕ್ಕಿ ಒದ್ದಾಡುತ್ತವೆ. ಆದರೆ ಪರ್ಸಿಮಿಲಿಸ್ ಮತ್ತು ನಮ್ಮ ಲಾಂಜಿಸ್ಪೈನೋಸಸ್ ಬೆನ್ನ ಮೇಲೆ ಉದ್ದನೆಯ ಬಿರುಗೂದಲುಗಳಿವೆ. ಲಾಂಜಿಸ್ಪೈನೋಸಸ್ ಎಂಬ ಹೆಸರಿಗೆ ಅರ್ಥವೇ ಉದ್ದ ಮುಳ್ಳಿನದು ಎಂದು. ಈ ಕೂದಲುಗಳು ಬಲೆಯ ಎಳೆಗಳನ್ನು ಮೈಗೆ ತಾಗದಂತೆ ಎತ್ತಿ ಹಿಡಿಯುತ್ತವೆ. ಮುಳ್ಳುಬೇಲಿಯೊಳಗೆ ನುಸುಳುವಾಗ ನಾವು ಕೋಲಿನಿಂದ ಬೇಲಿ ಎತ್ತಿ ಹಿಡಿಯುವುದಿಲ್ಲವೇ, ಹಾಗೆ.

ಮತ್ತೆ ಟೊಮೆಟೊ

ಬರೀ ರೋಮವಿದ್ದರೆ ನುಸಿ ನಿಧಾನವಾಗುತ್ತದೆ. ರೋಮದ ತುದಿಯಲ್ಲಿ ಅಂಟಿದ್ದರೆ ಸಾಯುತ್ತದೆ. ವ್ಯತ್ಯಾಸ ಇಷ್ಟು ದೊಡ್ಡದು. ಹಾಗಾಗಿ ಎಲೆಯಲ್ಲಿ ರೋಮ ಇದೆಯಾ ಎಂದಷ್ಟೇ ಕೇಳಿದರೆ ಸಾಲದು. ಎಂಥ ರೋಮ ಎಂದು ಕೇಳಬೇಕು.

ಟೊಮೆಟೊದಲ್ಲಿ ಎಲೆಗಿಂತ ಕಾಂಡ, ಎಲೆಯ ತೊಟ್ಟು ಹೆಚ್ಚು ಅಪಾಯ. ಅಲ್ಲಿ ರೋಮ ಉದ್ದ, ಅಂಟಿನ ಗುಂಡುಗಳೂ ದಟ್ಟ. ಬೇಟೆ ನುಸಿಗೆ ರೆಕ್ಕೆ ಇಲ್ಲ. ಒಂದು ಎಲೆಯ ಜೇಡನುಸಿ ಖಾಲಿಯಾದರೆ ತೊಟ್ಟಿನ ಮೇಲೆ ಇಳಿದು, ಕಾಂಡ ಹಿಡಿದು, ಇನ್ನೊಂದು ಎಲೆಗೆ ಹತ್ತಬೇಕು. ಈ ದಾರಿಯಲ್ಲೇ ಬಹಳಷ್ಟು ನುಸಿಗಳು ಅಂಟಿಕೊಂಡು ಸಾಯುತ್ತವೆ. ಸಾಯದೆ ಪಾರಾದವೂ ಅಂಟು ಒಣಗಿ ಗಟ್ಟಿಯಾದ ಕಾಲಲ್ಲಿ ಕುಂಟುತ್ತ ಹೋಗುತ್ತವೆ. ಹೀಗೆ ಒಂದು ಎಲೆಯಲ್ಲಿ ಬೇಟೆ ಚೆನ್ನಾಗಿ ನಡೆದಿದ್ದರೂ ಪಕ್ಕದ ಎಲೆಗೆ ಅದು ಹರಡುವುದೇ ಇಲ್ಲ.

ಇಲ್ಲಿ ಇನ್ನೂ ಒಂದು ತೊಡಕಿದೆ. ಪರ್ಸಿಮಿಲಿಸ್ ಅನ್ನು ಮಾರಾಟಕ್ಕಾಗಿ ಸಾಕುವುದು ಹೆಚ್ಚಾಗಿ ಬೀನ್ಸ್ ಗಿಡದ ಮೇಲೆ. ಬೀನ್ಸ್ ಬೇಗ ಬೆಳೆಯುತ್ತದೆ, ಜೇಡನುಸಿಗೂ ಪ್ರೀತಿ. ಬೀನ್ಸ್ ಎಲೆಯ ಮೇಲೆ ಹುಟ್ಟಿ, ಅಲ್ಲೇ ತಲೆತಲಾಂತರದಿಂದ ಬದುಕಿದ ನುಸಿಯನ್ನು ಒಂದು ಬೆಳಗ್ಗೆ ಟೊಮೆಟೊ ಮೇಲೆ ಉದುರಿಸುತ್ತೇವೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರನ್ನು ಜಿಗಣೆ ಕಾಡಿನ ನಡುವೆ ಇಳಿಸಿದ ಹಾಗೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಮೌರಿಸ್ ಸಾಬೆಲಿಸ್ ಮತ್ತು ಸಂಗಡಿಗರು 1997ರಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು. ನುಸಿಯನ್ನು ಟೊಮೆಟೊ ಗಿಡದ ಮೇಲೆಯೇ ಸಾಕಿ, ಆಮೇಲೆ ಟೊಮೆಟೊ ಬೆಳೆಗೆ ಬಿಟ್ಟರು. ಬೀನ್ಸ್ ಮೇಲೆ ಸಾಕಿದ ನುಸಿಗಿಂತ ಅವು ಜೇಡನುಸಿಯನ್ನು ಚೆನ್ನಾಗಿ ಹತೋಟಿಗೆ ತಂದವು.

ತಳಿ ಅಭಿವೃದ್ಧಿ ಮಾಡುವವರೂ ಇದನ್ನು ಗಮನಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಾಡು ಟೊಮೆಟೊ ಜಾತಿಗಳಲ್ಲಿ ಅಂಟುರೋಮ ಇನ್ನೂ ಜೋರು. ಕೆಲವುಗಳ ಗುಂಡುಗಳಲ್ಲಿ ಕೀಟಕ್ಕೆ ವಿಷವಾಗುವ ರಸಾಯನವೂ ಇದೆ. ಅದನ್ನು ನಮ್ಮ ಟೊಮೆಟೊಗೆ ತರುವ ಪ್ರಯತ್ನ ಹಲವು ದಶಕಗಳಿಂದ ನಡೆದಿದೆ. ಬಿಳಿ ನೊಣ, ಜೇಡನುಸಿಗೆ ಅದು ಒಳ್ಳೆಯ ತಡೆ, ನಿಜ. ಆದರೆ ಆ ಅಂಟಿಗೆ ಶತ್ರು ಯಾರು, ಮಿತ್ರ ಯಾರು ಎಂಬುದು ತಿಳಿಯುವುದಿಲ್ಲ. ತಳಿಯ ರಕ್ಷಣೆ ಅರ್ಧಂಬರ್ಧ ಇದ್ದು, ಬೇಟೆ ನುಸಿಯೂ ನಿಲ್ಲದೆ ಹೋದರೆ ರೈತರಿಗೆ ಎರಡೂ ಕಡೆ ನಷ್ಟ.

ಎಲೆಯೇ ಕಟ್ಟಿಕೊಟ್ಟ ಗೂಡು

ಈಗ ಕಥೆಯ ಇನ್ನೊಂದು ಮುಖ. ನೀವು ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಯವರಾದರೆ ಒಂದು ಅರೇಬಿಕಾ ಕಾಫಿ ಎಲೆ ಕಿತ್ತು ತಿರುಗಿಸಿ. ನಡುನರದಿಂದ ಪಕ್ಕದ ನರಗಳು ಕವಲೊಡೆಯುವ ಮೂಲೆಗಳನ್ನು ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ ಮೂಲೆಯಲ್ಲೂ ಸಣ್ಣ ಗುಳಿ ಕಾಣುತ್ತದೆ. ಎಲೆಯ ಮೇಲ್ಭಾಗದಲ್ಲಿ ಅದೇ ಜಾಗ ಚೂರು ಉಬ್ಬಿರುತ್ತದೆ. ಯಾವ ಕೀಟವೂ ಅದನ್ನು ಕೊರೆದಿಲ್ಲ. ರೋಗದ ಗುರುತೂ ಅಲ್ಲ. ಗಿಡವೇ ಹಾಗೆ ಬೆಳೆಸಿಕೊಂಡದ್ದು.

ಇಂಥ ಜಾಗಗಳನ್ನು ವಿಜ್ಞಾನಿಗಳು ಡೊಮೇಶಿಯಾ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಡೋಮಸ್ ಅಂದರೆ ಮನೆ. ಕೆಲವು ಗಿಡಗಳಲ್ಲಿ ಇದು ಗುಳಿ, ಕೆಲವುಗಳಲ್ಲಿ ರೋಮದ ಕುಚ್ಚು, ಕೆಲವುಗಳಲ್ಲಿ ಎಲೆಯ ಅಂಗಾಂಶವೇ ಮಡಚಿ ಆದ ಜೇಬು. ಒಳಗೆ ಹೆಚ್ಚಾಗಿ ಸಿಗುವವರು ನುಸಿಗಳು, ಅದರಲ್ಲೂ ಬೇರೆ ನುಸಿಗಳನ್ನು ತಿನ್ನುವವು ಮತ್ತು ಬೂಷ್ಟು ತಿನ್ನುವವು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಕ್ಸೆಲ್ ಲುಂಡ್‌ಸ್ಟ್ರೋಮ್ 1887ರಲ್ಲೇ ಇದನ್ನು ಗಮನಿಸಿ, ಗಿಡ ನುಸಿಗಳಿಗೆ ಮನೆ ಕೊಡುತ್ತದೆ, ನುಸಿಗಳು ಗಿಡವನ್ನು ಶುಚಿಯಾಗಿಡುತ್ತವೆ ಎಂದು ಹೇಳಿದ. ಬಹಳ ಕಾಲ ಈ ಮಾತನ್ನು ಯಾರೂ ಗಟ್ಟಿಯಾಗಿ ಪರೀಕ್ಷಿಸಲಿಲ್ಲ. ಮನೆ ಇದೆ, ಒಳಗೆ ನುಸಿ ಇದೆ, ಸರಿ. ಅದರಿಂದ ಗಿಡಕ್ಕೆ ನಿಜವಾಗಿ ಲಾಭ ಇದೆಯಾ? ಅದನ್ನು ತೋರಿಸುವುದು ಹೇಗೆ?

ಉತ್ತರ ಸಿಕ್ಕಿದ್ದು 1990ರ ದಶಕದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನುರಾಗ್ ಅಗ್ರವಾಲ್ ಮತ್ತು ರಿಚರ್ಡ್ ಕಾರ್ಬನ್ ಹತ್ತಿ ಗಿಡವನ್ನು ಆರಿಸಿಕೊಂಡರು. ಅವರು ಬಳಸಿದ ಹತ್ತಿಯ ಎಲೆಯಲ್ಲಿ ಇಂಥ ಗೂಡು ಇರಲಿಲ್ಲ. ಅವರು ಎಲೆಯ ಅಡಿಯಲ್ಲಿ ನರಗಳು ಕೂಡುವ ಮೂಲೆಗೆ ಹತ್ತಿಯ ನಾರನ್ನು ಚೂರೇ ಚೂರು ಅಂಟಿಸಿ ತಾವೇ ಗೂಡು ಕಟ್ಟಿಕೊಟ್ಟರು. ಗೂಡು ಕೊಟ್ಟ ಗಿಡಗಳಲ್ಲಿ ಬೇಟೆಗಾರರ ಸಂಖ್ಯೆ ಏರಿತು. ರಸ ಹೀರುವ ನುಸಿ ಇಳಿಯಿತು. ಗಿಡ ಹೆಚ್ಚು ಫಸಲು ಕೊಟ್ಟಿತು. 1997ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ದೊಡ್ಡ ಯಂತ್ರವೂ ಇಲ್ಲ. ಒಂದು ಚಿಮುಟ, ಚೂರು ಹತ್ತಿ, ತಾಳ್ಮೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ಉಲ್ಟಾ ಪ್ರಯೋಗ ನಡೆಯಿತು. ಅಲ್ಲಿನ ಕಾಡು ದ್ರಾಕ್ಷಿಯ ಎಲೆಯಲ್ಲಿ ರೋಮದ ಗೂಡುಗಳಿವೆ. ಸಂಶೋಧಕರು ಅವನ್ನು ಮುಚ್ಚಿಬಿಟ್ಟರು. ಒಳಗೆ ಇರಬೇಕಾದ, ಬೂಷ್ಟು ತಿನ್ನುವ ನುಸಿಗಳು ಕಡಿಮೆಯಾದವು. ಎಲೆಯ ಮೇಲೆ ಬೂದಿ ರೋಗ ಹೆಚ್ಚಾಯಿತು. ದ್ರಾಕ್ಷಿಗೆ ಬೂದಿ ರೋಗ ಬಂದರೆ ಏನಾಗುತ್ತದೆ ಎಂದು ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಅಷ್ಟಕ್ಕೂ ಅರ್ಧ ಮಿಲಿಮೀಟರ್ ಜೀವಿಗೆ ಆ ಮೂಲೆಯಲ್ಲಿ ಅಂಥದ್ದೇನು ಸಿಗುತ್ತದೆ?

ಮೊದಲನೆಯದು ತೇವ. ಎಲೆಯ ಅಡಿಯಲ್ಲಿ ಪತ್ರರಂಧ್ರಗಳಿಂದ ಸದಾ ನೀರಿನ ಆವಿ ಬರುತ್ತಿರುತ್ತದೆ. ಎಲೆಗೆ ಅಂಟಿಕೊಂಡಂತೆ ಗಾಳಿಯಾಡದ ತೆಳುವಾದ ಒಂದು ಪದರ ಇರುತ್ತದೆ. ಹೊರಗೆ ಒಣ ಗಾಳಿ ಬೀಸುತ್ತಿದ್ದರೂ ಆ ಪದರದೊಳಗೆ ತಂಪು. ರೋಮ ದಟ್ಟವಾಗಿದ್ದರೆ, ಗುಳಿ ಇದ್ದರೆ, ಆ ಪದರ ಇನ್ನೂ ದಪ್ಪವಾಗುತ್ತದೆ. ಬೇಟೆ ನುಸಿಯ ಮೊಟ್ಟೆಗೆ ಇದು ಜೀವನ್ಮರಣದ ಪ್ರಶ್ನೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಇಳಿದರೆ ಪರ್ಸಿಮಿಲಿಸ್‌ನ ಮೊಟ್ಟೆಗಳಲ್ಲಿ ಬಹುಪಾಲು ಒಡೆಯದೆ ಮುರುಟಿ ಹೋಗುತ್ತವೆ. ಜೇಡನುಸಿಯ ಮೊಟ್ಟೆಗೆ ಒಣ ಹವೆ ಇಷ್ಟು ಕಷ್ಟವಲ್ಲ. ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ಜೇಡನುಸಿ ಏಕೆ ಕೈಮೀರುತ್ತದೆ ಎನ್ನುವುದಕ್ಕೆ ಇದೂ ಒಂದು ಕಾರಣ. ಪಾಲಿಹೌಸಿನ ಗೋಡೆಗೆ ನೇತು ಹಾಕಿದ ಮೀಟರ್ ತೋರಿಸುವುದು ಕೋಣೆಯ ಹವೆ. ನುಸಿ ಬದುಕುವುದು ಎಲೆಯ ಹವೆಯಲ್ಲಿ. ಎರಡೂ ಒಂದೇ ಅಲ್ಲ.

ಎರಡನೆಯದು ಮರೆ. ಬೇಟೆ ನುಸಿಯನ್ನೂ ಬೇಟೆಯಾಡುವವರಿದ್ದಾರೆ. ತಿಗಣೆ ಜಾತಿಯ ಕೀಟಗಳು, ಗುಲಗಂಜಿ ಹುಳು, ಕೆಲವೊಮ್ಮೆ ತನ್ನದೇ ಜಾತಿಯ ನುಸಿಗಳು. ದೊಡ್ಡ ಮೈಯವರು ರೋಮದ ಕುಚ್ಚಿನೊಳಗೆ ತಲೆ ಹಾಕಲಾರರು.

ಮೂರನೆಯದು ಬುತ್ತಿ. ಬಹಳ ಜಾತಿಯ ಬೇಟೆ ನುಸಿಗಳು ಹುಳು ಸಿಗದಾಗ ಪರಾಗ, ಬೂಷ್ಟಿನ ಬೀಜಕಣ ತಿಂದು ದಿನ ದೂಡುತ್ತವೆ. ಗಾಳಿಯಲ್ಲಿ ತೇಲಿ ಬಂದ ಪರಾಗ ನುಣುಪು ಎಲೆಯಿಂದ ಜಾರಿ ಹೋಗುತ್ತದೆ, ರೋಮದ ಎಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೇಬು, ದ್ರಾಕ್ಷಿ ತೋಟಗಳಲ್ಲಿ ಟೈಫ್ಲೊಡ್ರೊಮಸ್ ಪೈರಿ ಎಂಬ ನುಸಿ ರೋಮದ ತಳಿಗಳಲ್ಲಿ ಜಾಸ್ತಿ ಇರುವುದಕ್ಕೆ ಇದೊಂದು ದೊಡ್ಡ ಕಾರಣ. ಪರ್ಸಿಮಿಲಿಸ್ ಮಾತ್ರ ಈ ಸಾಲಿಗೆ ಸೇರದು. ಅದಕ್ಕೆ ಜೇಡನುಸಿ ಬಿಟ್ಟರೆ ಬೇರೆ ಊಟ ರುಚಿಸುವುದಿಲ್ಲ. ಜೇಡನುಸಿ ಮುಗಿದರೆ ಅದೂ ಮುಗಿಯಿತು, ಎಲೆಯಲ್ಲಿ ಎಷ್ಟೇ ಒಳ್ಳೆಯ ಗೂಡಿದ್ದರೂ.

ತಾಯಿಯ ಲೆಕ್ಕಾಚಾರ

ಕ್ಯಾಪ್ಸಿಕಂ ಎಲೆಯ ಅಡಿಯಲ್ಲೂ ನರಗಳ ಮೂಲೆಯಲ್ಲಿ ರೋಮದ ಕುಚ್ಚುಗಳಿವೆ. ಥ್ರಿಪ್ಸ್ ಮತ್ತು ಬಿಳಿ ನೊಣಕ್ಕಾಗಿ ಪಾಲಿಹೌಸುಗಳಲ್ಲಿ ಬಿಡುವ ಆಂಬ್ಲಿಸಿಯಸ್ ಸ್ವಿರ್ಸ್ಕಿ ನುಸಿ ಅಲ್ಲೇ ಮೊಟ್ಟೆಯಿಡುತ್ತದೆ. ಆ ನುಸಿ ಕ್ಯಾಪ್ಸಿಕಂನಲ್ಲಿ ಚೆನ್ನಾಗಿ ನೆಲೆಯೂರಿ ಟೊಮೆಟೊದಲ್ಲಿ ಒದ್ದಾಡುವುದಕ್ಕೆ ಈಗ ನಿಮಗೇ ಕಾರಣ ಹೊಳೆದಿರಬಹುದು.

ಕ್ಯಾಪ್ಸಿಕಂ ಮೇಲಿನ ಇನ್ನೊಂದು ನುಸಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಐಫಿಸಿಯಸ್ ಡಿಜೆನೆರಾನ್ಸ್ ಅದರ ಹೆಸರು. ಇದಕ್ಕೆ ಊಟ ಸಿಗುವುದು ಹೂವಿನಲ್ಲಿ. ಅಲ್ಲಿ ಪರಾಗ ಇದೆ, ಥ್ರಿಪ್ಸ್ ಮರಿಗಳೂ ಇವೆ. ಆದರೆ ಮೊಟ್ಟೆ ಇಡಲು ಅದು ಹೂವು ಬಿಟ್ಟು ಇಳಿದು, ಎಲೆಯ ತನಕ ನಡೆದು, ಆ ರೋಮದ ಕುಚ್ಚಿನೊಳಗೆ ಇಡುತ್ತದೆ. ಊಟದ ಜಾಗದಲ್ಲೇ ಮೊಟ್ಟೆ ಇಟ್ಟರೆ ಏನು ಕಷ್ಟ? ಥ್ರಿಪ್ಸ್ ಮರಿ ಸುಮ್ನೆ ಕೂರುವ ಜೀವಿಯಲ್ಲ. ಬೇಟೆಗಾರನ ಮೊಟ್ಟೆ ಸಿಕ್ಕಿದರೆ ಅದನ್ನೇ ಚುಚ್ಚಿ ಕೊಲ್ಲುತ್ತದೆ. ಹೂವಿನಲ್ಲಿಟ್ಟ ಮೊಟ್ಟೆ ಉಳಿಯುವುದು ಅನುಮಾನ, ಎಲೆಯ ಕುಚ್ಚಿನಲ್ಲಿಟ್ಟದ್ದು ಉಳಿಯುತ್ತದೆ. ಹಾಗಾಗಿ ತಾಯಿ ದಿನವೂ ಊಟಕ್ಕೊಂದು ಕಡೆ, ಮೊಟ್ಟೆಗೊಂದು ಕಡೆ ಓಡಾಡುತ್ತದೆ. ಕಣ್ಣಿಲ್ಲದ, ಸಾಸಿವೆ ಕಾಳಿಗಿಂತ ಚಿಕ್ಕ ಜೀವಿ.

ಈ ನುಸಿಗೆ ನಮ್ಮ ಹೊಲದ ಬದುವಿನ ಹರಳು ಗಿಡ ಎಂದರೆ ಬಹಳ ಇಷ್ಟ. ಹರಳಿನ ಪರಾಗ ಅದಕ್ಕೆ ಒಳ್ಳೆಯ ಊಟ. ನೆದರ್‌ಲ್ಯಾಂಡ್ಸ್‌ನ ಕ್ಯಾಪ್ಸಿಕಂ ಬೆಳೆಗಾರರು 1990ರ ದಶಕದಲ್ಲಿ ಗಾಜಿನ ಮನೆಯೊಳಗೆ ಅಲ್ಲಲ್ಲಿ ಹರಳು ಗಿಡ ನೆಟ್ಟು, ಅದರ ಮೇಲೆ ಈ ನುಸಿಯನ್ನು ಸಾಕಿ, ಅಲ್ಲಿಂದ ಬೆಳೆಗೆ ಹರಡಿಸುವ ಕ್ರಮವನ್ನು ಪರೀಕ್ಷಿಸಿದ್ದರು.

ಯಾವ ಎಲೆಗೆ ಯಾವ ನುಸಿ

ಎಲ್ಲ ಬೇಟೆ ನುಸಿಗಳಿಗೂ ರೋಮ ಬೇಕೆಂದಿಲ್ಲ. ಯುಸಿಯಸ್ ಕುಲದ ನುಸಿಗಳು ನಿಂಬೆ, ಕಿತ್ತಳೆಯಂಥ ನುಣುಪು ಎಲೆಗಳಲ್ಲಿ ಆರಾಮಾಗಿ ಬದುಕುತ್ತವೆ. ಉತ್ತರ ಇಟಲಿಯ ದ್ರಾಕ್ಷಿ ತೋಟಗಳಲ್ಲಿ ಕಂಡದ್ದಂತೂ ತುಂಬ ಸ್ಪಷ್ಟವಾಗಿದೆ. ರೋಮದ ಎಲೆಯ ತಳಿಗಳಲ್ಲಿ ಟೈಫ್ಲೊಡ್ರೊಮಸ್ ಪೈರಿ ಗೆಲ್ಲುತ್ತದೆ, ನುಣುಪು ಎಲೆಯ ತಳಿಗಳಲ್ಲಿ ಆಂಬ್ಲಿಸಿಯಸ್ ಆಂಡರ್ಸೋನಿ ಹೆಚ್ಚು. ಬೆಳೆ ಒಂದೇ, ತಳಿ ಬದಲಾದರೆ ನುಸಿಯೂ ಬದಲು. ಈಗ ನುಸಿ ವಿಜ್ಞಾನಿಗಳು ಬೇಟೆ ನುಸಿಗಳನ್ನು ವಿಂಗಡಿಸುವಾಗ ಏನು ತಿನ್ನುತ್ತದೆ ಎನ್ನುವುದರ ಜೊತೆಗೆ ರೋಮದ ಎಲೆಯದೋ, ನುಣುಪು ಎಲೆಯದೋ, ಇಕ್ಕಟ್ಟು ಜಾಗದ್ದೋ ಎಂದೂ ನೋಡುತ್ತಾರೆ.

ಇಕ್ಕಟ್ಟು ಜಾಗ ಅಂದ ಕೂಡಲೇ ತೆಂಗು ನೆನಪಾಗುತ್ತದೆ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಂಡ ತೆಂಗಿನ ನುಸಿಪೀಡೆ ನಮ್ಮ ತುಮಕೂರು, ಹಾಸನ, ಮಂಡ್ಯದ ತೋಟಗಳನ್ನು ಹೇಗೆ ಕಾಡಿತು ಎಂಬುದು ಬೆಳೆಗಾರರಿಗೆ ನೆನಪಿದೆ. ಎಳೆ ಕಾಯಿಯ ತೊಟ್ಟಿನ ಬುಡದಲ್ಲಿ ಟೋಪಿಯ ಹಾಗೆ ಬಿಗಿಯಾಗಿ ಅಂಟಿಕೊಂಡ ಎಸಳುಗಳಿರುತ್ತವಲ್ಲ, ಅವು ಮೂಲತಃ ಎಲೆಯ ಬಂಧುಗಳೇ. ಅವುಗಳ ಅಡಿಯಲ್ಲಿ ಈ ನುಸಿ ಇರುತ್ತದೆ. ಹುಳುವಿನಂಥ ಮೈ, ನಾಲ್ಕೇ ಕಾಲು, ಉದ್ದ ಸುಮಾರು 0.2 ಮಿಲಿಮೀಟರ್. ಔಷಧಿ ಹೊಡೆದರೂ ಒಳಗೆ ತಲುಪುವುದಿಲ್ಲ. ಬೇಟೆ ನುಸಿಗಳಿಗೂ ಒಳಗೆ ನುಗ್ಗುವುದು ಕಷ್ಟ. ನಿಯೊಸಿಯುಲಸ್ ಬರಾಕಿ ಎಂಬ ನುಸಿ ಮಾತ್ರ ಇದಕ್ಕೆಂದೇ ಹುಟ್ಟಿದಂತಿದೆ. ಚಪ್ಪಟೆ, ನೀಳ ಮೈ. ಬೆನ್ನ ಕೂದಲು ಗಿಡ್ಡ. ಜೇಡನುಸಿಯ ಬಲೆಯಲ್ಲಿ ನಡೆಯಲು ಉದ್ದ ಕೂದಲು ಬೇಕಾದರೆ, ಸಂದಿಯಲ್ಲಿ ತೂರಲು ಗಿಡ್ಡ ಕೂದಲು ಬೇಕು. ಅದಕ್ಕೂ ಆರೋಗ್ಯವಾದ ಎಳೆ ಕಾಯಿಯ ಟೋಪಿಯೊಳಗೆ ಹೋಗಲು ಜಾಗ ಸಾಲದು. ಶ್ರೀಲಂಕಾದ ತೆಂಗಿನಲ್ಲಿ ನಡೆದ ಅಧ್ಯಯನದಲ್ಲಿ ನುಸಿ ತಗುಲಿದ ಕಾಯಿಗಳಲ್ಲಿ ಈ ಸಂದಿ ದೊಡ್ಡದಾಗಿರುವುದು ಕಂಡಿತು. ಸಂದಿ ಅಗಲವಾದ ಮೇಲೆ ಬೇಟೆ ನುಸಿ ಒಳಗೆ ಹೋಗಬಲ್ಲದು. ಅಷ್ಟರಲ್ಲಿ ಕಾಯಿಗೆ ಒಂದಿಷ್ಟು ಪೆಟ್ಟು ಬಿದ್ದಿರುತ್ತದೆ. ತೆಂಗಿನ ನುಸಿಯನ್ನು ಬೇಟೆ ನುಸಿಯಿಂದ ಹತೋಟಿಗೆ ತರುವುದು ಏಕೆ ಇಷ್ಟು ಕಷ್ಟ ಎನ್ನುವುದು ಆ ಕೂದಲೆಳೆಯಷ್ಟು ಸಂದಿಯಲ್ಲೇ ಇದೆ.

ಮರಗೆಣಸಿನದು ಇದಕ್ಕಿಂತ ಸಂತೋಷದ ಕಥೆ. ದಕ್ಷಿಣ ಅಮೆರಿಕದ ಹಸಿರು ನುಸಿ 1971ರಲ್ಲಿ ಆಫ್ರಿಕದ ಉಗಾಂಡದಲ್ಲಿ ಕಾಣಿಸಿಕೊಂಡು, ಮರಗೆಣಸನ್ನೇ ನಂಬಿದ ಖಂಡದ ತುಂಬ ಹರಡಿತು. ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ವಿಜ್ಞಾನಿಗಳು ಬ್ರೆಜಿಲ್‌ನಿಂದ ಬೇಟೆ ನುಸಿಗಳನ್ನು ತಂದು ಬಿಟ್ಟರು. ಅವುಗಳಲ್ಲಿ 1993ರಲ್ಲಿ ಬೆನಿನ್ ದೇಶದಲ್ಲಿ ಬಿಟ್ಟ ಟೈಫ್ಲೊಡ್ರೊಮಾಲಸ್ ಅರಿಪೊ ನಿಂತಿತು, ಹರಡಿತು, ಕೆಲಸ ಮಾಡಿತು. ಅದು ಹಗಲೆಲ್ಲ ಗಿಡದ ತುದಿಯಲ್ಲಿ, ಇನ್ನೂ ಬಿಚ್ಚಿಕೊಳ್ಳದ ಕುಡಿಯ ಮಡಿಕೆಯೊಳಗೆ ಅಡಗಿರುತ್ತದೆ. ರಾತ್ರಿಯಾದ ಮೇಲೆ ಕೆಳಗಿನ ಎಲೆಗಳಿಗೆ ಇಳಿದು ಬೇಟೆಯಾಡುತ್ತದೆ. ಕುಡಿಯಲ್ಲಿ ರೋಮ ಇರುವ ತಳಿಗಳಲ್ಲಿ ಅದು ಹೆಚ್ಚು ಸಂಖ್ಯೆಯಲ್ಲಿ ಉಳಿಯುತ್ತದೆ. ರೋಮವಿಲ್ಲದ ಕುಡಿಯಲ್ಲಿ ಬೇಸಿಗೆಗೆ ಕಡಿಮೆಯಾಗುತ್ತದೆ. ಅಲ್ಲಿಗೆ ಮರಗೆಣಸಿನ ತಳಿ ಆರಿಸುವಾಗ ಗೆಡ್ಡೆಯ ಜೊತೆ ಕುಡಿಯನ್ನೂ ನೋಡಬೇಕೆಂದಾಯಿತು.

ನಮ್ಮ ಕೈಯಲ್ಲಿರುವುದು

ಬೆಳೆಯ ಎಲೆಯನ್ನು ನಾವು ಬದಲಿಸಲಾರೆವು. ಆದರೆ ಕೆಲವು ಕೆಲಸ ಮಾಡಬಹುದು. ಮಣ್ಣುರಸ್ತೆಯ ಪಕ್ಕದ ಸಾಲುಗಳಲ್ಲಿ ಜೇಡನುಸಿ ಜಾಸ್ತಿ ಇರುವುದನ್ನು ನೀವು ಗಮನಿಸಿರಬಹುದು. ಎಲೆಯ ಮೇಲೆ ಕೂತ ಧೂಳು ಬೇಟೆ ನುಸಿಗೆ ತೊಡಕು. ಬಿಡುವ ಮೊದಲು ಆ ಸಾಲುಗಳನ್ನು ಬರೀ ನೀರಿನಿಂದ ತೊಳೆದರೆ ಧೂಳೂ ಹೋಗುತ್ತದೆ, ಜೇಡನುಸಿಯ ಬಲೆಯೂ ಒಂದಿಷ್ಟು ಹರಿಯುತ್ತದೆ. ಟೊಮೆಟೊ ಆದರೆ ನುಸಿಯನ್ನು ಬುಡಕ್ಕೆ ಸುರಿಯಬಾರದು, ಜೇಡನುಸಿ ಇರುವ ಎಲೆಗಳ ಮೇಲೆಯೇ ಹಾಕಬೇಕು. ಆಗ ಅದಕ್ಕೆ ಕಾಂಡದ ಮೇಲೆ ನಡೆಯುವುದು ತಪ್ಪುತ್ತದೆ. ಗಿಡದಿಂದ ಗಿಡಕ್ಕೆ ಎಲೆ ತಾಗುವಂತಿದ್ದರೆ ಇನ್ನೂ ಅನುಕೂಲ. ನುಸಿ ತರಿಸುವ ಮೊದಲು ಮಾರುವವರನ್ನು ಕೇಳಿ: ಇದನ್ನು ಯಾವ ಗಿಡದ ಮೇಲೆ ಸಾಕಿದ್ದೀರಿ? ಕೇಳಲು ಸಂಕೋಚ ಬೇಡ.

ಬಿಟ್ಟು ಒಂದು ವಾರದ ಮೇಲೆ ಭೂತಗನ್ನಡಿ ಹಿಡಿದು ಎಲೆ ತಿರುಗಿಸಿ. ಮೊದಲು ನರಗಳ ಮೂಲೆ ನೋಡಿ. ಜೇಡನುಸಿಯ ಮೊಟ್ಟೆ ಮುತ್ತಿನ ಹಾಗೆ ಪೂರಾ ಗುಂಡಗೆ. ಬೇಟೆ ನುಸಿಯದು ಅದಕ್ಕಿಂತ ದೊಡ್ಡದು, ಕೋಳಿಮೊಟ್ಟೆಯಂತೆ ಉದ್ದುದ್ದ. ಆ ಮೂಲೆಯಲ್ಲಿ ಒಂದೆರಡು ಉದ್ದನೆಯ ಮೊಟ್ಟೆ ಕಂಡರೆ, ನೀವು ಬಿಟ್ಟ ನುಸಿಗೆ ಆ ಎಲೆ ಒಗ್ಗಿದೆ.